ಹದಿನೆಂಟರ ಆಚೀಚೆ, ನೆಲೆಯಿಲ್ಲದ ಹುಡುಗರಿಗೆ ಹುಬ್ಬಳ್ಳಿಯಲ್ಲಿ ಏನು ಮಾಡಬಹುದು?

ಪ್ರಶ್ನೆ: ಹುಬ್ಬಳ್ಳಿ ವರ್ತಕ

ಹುಬ್ಬಳ್ಳಿಯಲ್ಲಿ ನಾವು ಕೆಲವು ಅಂಗಡಿಕಾರರು ಮತ್ತು ಇಬ್ಬರು ಶಿಕ್ಷಕರು ಸೇರಿಕೊಂಡು, ರೈಲು ನಿಲ್ದಾಣ, ಹಳೆ ಬಸ್ ನಿಲ್ದಾಣ ಹಾಗೂ ಮಾರುಕಟ್ಟೆಯ ಸುತ್ತಮುತ್ತ ರಾತ್ರಿ ಕಳೆಯುವ ಹುಡುಗರಿಗೆ ಒಂದು ನೆಲೆ ಕಲ್ಪಿಸಬೇಕೆಂದು ಯೋಚಿಸುತ್ತಿದ್ದೇವೆ. ಗೆಳೆಯರೊಬ್ಬರ ಅಂಗಡಿಯ ಮೇಲಿನ ಮಹಡಿ, ಸುಮಾರು 900 ಚದರ ಅಡಿಯಷ್ಟು ಜಾಗ, ಖಾಲಿ ಬಿದ್ದಿದೆ. ಬಾಡಿಗೆ ಬೇಡವೆಂದು ಅವರೇ ಹೇಳಿದ್ದಾರೆ. ಅಲ್ಲಿ ಹಾಸಿಗೆ ಹಾಕಿ, ಒಬ್ಬ ಕಾವಲುಗಾರನನ್ನು ನೇಮಿಸಿ, ರಾತ್ರಿಯ ಊಟಕ್ಕೆ ಏರ್ಪಾಡು ಮಾಡುವುದು ನಮ್ಮ ಮೊದಲ ಆಲೋಚನೆ.

ನಮ್ಮ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದ್ದು ಜಗತ್ತಿನಲ್ಲೇ ಅತಿ ಉದ್ದದ್ದೆಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಅಷ್ಟು ಉದ್ದದ ಜಾಗದಲ್ಲಿ ಯಾರು ಯಾವ ಗಾಡಿಯಿಂದ ಇಳಿದು ಎಲ್ಲಿ ಮಲಗಿದರೆಂದು ಗುರುತಿಸುವುದು ಮಾತ್ರ ಸುಲಭವಲ್ಲ. ನಾವು ಮಾತನಾಡಿಸಿರುವ ಹುಡುಗರಲ್ಲಿ ಕೆಲವರು ಹದಿನೈದು ಹದಿನಾರರವರು, ಕೆಲವರು ಹತ್ತೊಂಬತ್ತು ಇಪ್ಪತ್ತರವರು. ವಯಸ್ಸು ಕೇಳಿದರೆ ಎಲ್ಲರೂ ಹತ್ತೊಂಬತ್ತು ಎನ್ನುತ್ತಾರೆ. ಮಾಲು ಇಳಿಸುವುದು, ಮದುವೆ ಮನೆಗಳಲ್ಲಿ ಪಾತ್ರೆ ತೊಳೆಯುವುದು, ಹೋಟೆಲ್ ಕೆಲಸ, ಹೀಗೆ ಸಿಕ್ಕಿದ್ದನ್ನು ಮಾಡುತ್ತಾರೆ. ಕೆಲವರ ಕೈಯಲ್ಲಿ ಅಮಲಿಗಾಗಿ ಮೂಸುವ ಸಲ್ಯೂಷನ್ (ಪಂಕ್ಚರ್ ಅಂಟು) ಹಾಕಿದ ಬಟ್ಟೆ ಸದಾ ಇರುತ್ತದೆ. ಒಬ್ಬ ಹುಡುಗ ಬಾಲಮಂದಿರದಲ್ಲಿ ಬೆಳೆದವನು. ಹದಿನೆಂಟು ತುಂಬಿದ ಮೇಲೆ ಹೊರಗೆ ಬಂದಿದ್ದಾನೆ. ತನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಬಾಲಮಂದಿರದ ಪತ್ರವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಚಹಾದಂಗಡಿಯವರ ಬಳಿ ಇಟ್ಟಿದ್ದಾನೆ. ಅಂಗಡಿ ಮುಚ್ಚಿದ ದಿನ ಅವನಿಗೆ ಅವು ಸಿಗುವುದಿಲ್ಲ.

ಚಿಕ್ಕವರನ್ನೂ ದೊಡ್ಡವರನ್ನೂ ಒಂದೇ ಕಡೆ ಇರಿಸಿಕೊಳ್ಳಲು ಕಾನೂನು ಒಪ್ಪುತ್ತದೆಯೇ? ಸರ್ಕಾರದ ವ್ಯವಸ್ಥೆ ಎಲ್ಲಿಯವರೆಗೆ ಇದೆ, ಎಲ್ಲಿಂದಾಚೆಗೆ ನಮ್ಮಂಥವರು ಬೇಕಾಗುತ್ತದೆ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಪರಿವೀಕ್ಷಣಾಧಿಕಾರಿ

ನಿಮ್ಮ ಉದ್ದೇಶ ಒಳ್ಳೆಯದು. ಆದರೆ ಮಹಡಿಯ ಬಾಗಿಲು ತೆರೆಯುವ ಮೊದಲು ಒಂದು ಮಾತನ್ನು ಖಚಿತವಾಗಿ ತಿಳಿದುಕೊಳ್ಳಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಮಕ್ಕಳನ್ನು ಇರಿಸಿಕೊಳ್ಳುವ ಯಾವುದೇ ಸಂಸ್ಥೆ ನೋಂದಣಿಯಾಗಿರಲೇಬೇಕು. ನೋಂದಣಿಯಿಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಕುಟುಂಬದಿಂದ ದೂರವಾದ ಮಗು ಸಿಕ್ಕಾಗ ಇಪ್ಪತ್ನಾಲ್ಕು ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೆ, ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಬೇಕಾದ ಹೊಣೆ ಸಾಮಾನ್ಯ ನಾಗರಿಕರ ಮೇಲೂ ಇದೆ. ಕರುಣೆಯಿಂದ ಇರಿಸಿಕೊಂಡೆವು ಎಂಬ ಕಾರಣ ಅಲ್ಲಿ ನಿಲ್ಲುವುದಿಲ್ಲ. ಇದು ನಿಮ್ಮನ್ನು ಹೆದರಿಸಲು ಹೇಳುತ್ತಿರುವುದಲ್ಲ. ಮಕ್ಕಳನ್ನು ದುಡಿಸಿಕೊಳ್ಳುವವರು, ಸಾಗಿಸುವವರು ಕೂಡ ಇದೇ ಕರುಣೆಯ ಮಾತನ್ನೇ ಆಡುತ್ತಾರೆ ಎಂಬುದನ್ನು ನನ್ನ ಸೇವಾವಧಿಯಲ್ಲಿ ಕಂಡಿದ್ದೇನೆ.

ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಲು ಪೊಲೀಸರೇ ಆಗಬೇಕೆಂದಿಲ್ಲ. ಸಾರ್ವಜನಿಕ ಕಾಳಜಿಯುಳ್ಳ ಯಾವ ನಾಗರಿಕರೂ ಕರೆದೊಯ್ಯಬಹುದು. ಮಗು ತಾನಾಗಿಯೇ ಹೋಗಿ ನಿಲ್ಲುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರಿರುತ್ತಾರೆ. ಸಮಿತಿ ಸೇರದ ದಿನ ಒಬ್ಬ ಸದಸ್ಯರ ಮುಂದೆಯೇ ಹಾಜರುಪಡಿಸಬಹುದು. ಆ ಬಳಿಕ ಸಾಮಾಜಿಕ ತನಿಖಾ ವರದಿಗೆ ಹದಿನೈದು ದಿನ, ಅಂತಿಮ ಆದೇಶಕ್ಕೆ ನಾಲ್ಕು ತಿಂಗಳು ಎಂಬ ಗಡುವಿದೆ. ಮನೆ ಸುರಕ್ಷಿತವೆಂದು ಕಂಡರೆ ಮನೆಗೆ ಕಳುಹಿಸುತ್ತಾರೆ. ಬಡತನವೇ ಮಗು ಹೊರಡಲು ಕಾರಣವಾಗಿದ್ದರೆ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ಕುಟುಂಬಕ್ಕೆ ತಿಂಗಳಿಗೆ 4,000 ರೂಪಾಯಿ ದೊರೆಯುವ ಅವಕಾಶವಿದೆ. ಇದಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ ಗ್ರಾಮೀಣ ಭಾಗದಲ್ಲಿ 72,000, ಉಳಿದೆಡೆ 96,000 ರೂಪಾಯಿ. ಎಷ್ಟೋ ಕುಟುಂಬಗಳಿಗೆ ಈ ಯೋಜನೆಯ ಹೆಸರೇ ಗೊತ್ತಿರುವುದಿಲ್ಲ.

ವಯಸ್ಸಿನ ಬಗ್ಗೆ ಹುಡುಗ ಹೇಳಿದ್ದನ್ನೇ ನಂಬಿ ಮುಂದುವರಿಯಬೇಡಿ. ಸಂಶಯವಿದ್ದಲ್ಲಿ ಸಮಿತಿಯೇ ಶಾಲಾ ದಾಖಲೆ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ವೈದ್ಯಕೀಯ ಪರೀಕ್ಷೆಯ ಆಧಾರದ ಮೇಲೆ ನಿರ್ಧರಿಸುತ್ತದೆ. ಹದಿನಾರರವನನ್ನು ಇಪ್ಪತ್ತರವರ ನಡುವೆ ಮಲಗಿಸುವುದಂತೂ ಕಾನೂನಿನ ಮಾತು ಬಿಟ್ಟರೂ ಸರಿಯಲ್ಲ.

ಉತ್ತರ 2: ಬಾಲಮಂದಿರದ ಹಳೆಯ ವಿದ್ಯಾರ್ಥಿ, ದಾವಣಗೆರೆ

ಮೇಲಿನ ಹಿರಿಯರು ಹದಿನೆಂಟರ ಒಳಗಿನವರ ಬಗ್ಗೆ ಹೇಳಿದ್ದಾರೆ. ನಾನು ಹದಿನೆಂಟು ದಾಟಿದವರ ಬಗ್ಗೆ ಬರೆಯುತ್ತೇನೆ, ಏಕೆಂದರೆ ಆ ದಾರಿಯಲ್ಲೇ ಬಂದವನು ನಾನು. ಈಗ ವಿದ್ಯುತ್ ಕೆಲಸ ಮಾಡಿಕೊಂಡು ಬಾಡಿಗೆ ಮನೆಯಲ್ಲಿದ್ದೇನೆ.

ಬಾಲಮಂದಿರದಲ್ಲಿ ಏಳುವುದಕ್ಕೆ, ಉಣ್ಣುವುದಕ್ಕೆ, ಓದುವುದಕ್ಕೆ, ಎಲ್ಲಕ್ಕೂ ಗಂಟೆ ಬಾರಿಸುತ್ತಾರೆ. ಸೋಪು, ಎಣ್ಣೆ, ಬಟ್ಟೆ ಎಲ್ಲವನ್ನೂ ಅವರೇ ಕೊಡುತ್ತಾರೆ. ಹೀಗೆ ಬೆಳೆದವನಿಗೆ ಹೊರಗೆ ಬಂದ ಮೊದಲ ತಿಂಗಳಲ್ಲಿ ಕೆಲಸ ಸಿಗದಿರುವುದಕ್ಕಿಂತ ದೊಡ್ಡ ತೊಡಕು ಸಂಬಳವನ್ನು ತಿಂಗಳ ಕೊನೆಯವರೆಗೆ ಎಳೆಯುವುದು. ಮನೆ ಬಾಡಿಗೆಗೆ ಕೇಳಲು ಹೋದರೆ ಮಾಲೀಕರು ಮೊದಲು ಮುಂಗಡ ಕೇಳುತ್ತಾರೆ, ಆಮೇಲೆ ಊರು ಯಾವುದು, ತಂದೆ ಏನು ಮಾಡುತ್ತಾರೆ ಎನ್ನುತ್ತಾರೆ. ತಂದೆ ಇಲ್ಲ ಎಂದರೆ ಚಿಕ್ಕಪ್ಪ, ಸೋದರಮಾವ, ಯಾರಾದರೂ ಹಿರಿಯರು ಬಂದು ಮಾತಾಡಲಿ ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಪಿ.ಜಿ.ಯಲ್ಲಿದ್ದಾಗ ದೀಪಾವಳಿಗೆ ಮೆಸ್ ಮುಚ್ಚಿ ಎಲ್ಲರೂ ಊರಿಗೆ ಹೊರಟರು; ಮಾಲೀಕರು ನನ್ನ ಮುಂದೆ ನಿಂತು, ಬಹಳ ಮರ್ಯಾದೆಯಿಂದಲೇ, ನೀವು ಎಷ್ಟು ಗಂಟೆಗೆ ಹೊರಡುತ್ತೀರಿ, ಬೀಗ ಹಾಕಬೇಕು ಎಂದು ಕೇಳಿದರು. ಆ ರಾತ್ರಿಯನ್ನು ನಾನು ಬಸ್ ನಿಲ್ದಾಣದಲ್ಲಿ ಕಳೆದೆ. ನೀವು ನೋಡುವ ಹುಡುಗರಲ್ಲಿ ಹೀಗೆ ಒಂದು ರಾತ್ರಿಗೆಂದು ಬಂದು ಉಳಿದುಕೊಂಡವರೂ ಇರುತ್ತಾರೆ.

ಕಾಗದದ ಮೇಲೆ ಅನುಪಾಲನೆ ಎಂಬ ವ್ಯವಸ್ಥೆ ಇದೆ. ಹದಿನೆಂಟು ತುಂಬಿ ಸಂಸ್ಥೆ ಬಿಟ್ಟವರಿಗೆ ಇಪ್ಪತ್ತೊಂದರವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ, ಹಣಕಾಸಿನ ನೆರವು ಹಾಗೂ ತರಬೇತಿ ನೀಡಬಹುದು. ಮಿಷನ್ ವಾತ್ಸಲ್ಯದಲ್ಲಿ ಇದಕ್ಕೂ ತಿಂಗಳಿಗೆ 4,000 ರೂಪಾಯಿ ಇದೆ. ಸಂಸ್ಥೆಯಿಂದ ಹೊರಡುವ ಎರಡು ತಿಂಗಳ ಮೊದಲೇ ಹುಡುಗನ ಮುಂದಿನ ಯೋಜನೆಯನ್ನು ಬರೆದು ಸಮಿತಿಗೆ ಕೊಡಬೇಕೆಂಬ ನಿಯಮವೂ ಇದೆ. ನಿಮ್ಮ ಚಹಾದಂಗಡಿಯ ಹುಡುಗನ ವಿಷಯದಲ್ಲಿ ಆ ಯೋಜನೆ ಬರೆಯಲಾಗಿತ್ತೇ ಎಂದು ಧಾರವಾಡದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅವನೊಂದಿಗೆ ಹೋಗಿ ಕೇಳಿ. ಅವನೊಬ್ಬನೇ ಹೋದರೆ ನಾಳೆ ಬಾ ಎನ್ನುವ ಸಾಧ್ಯತೆ ಹೆಚ್ಚು. ಅಂಗಡಿ ಇಟ್ಟುಕೊಂಡ ಊರಿನ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತರೆ ಅದೇ ಅರ್ಜಿಗೆ ಸ್ವೀಕೃತಿ ಸಿಗುತ್ತದೆ. ಇದು ಹೀಗಿರಬಾರದು, ಆದರೆ ಇರುವುದು ಹೀಗೆಯೇ.

ಅದೇ ನಿಯಮಗಳಲ್ಲಿ ಇನ್ನೊಂದು ವಿಷಯವಿದೆ: ಆರರಿಂದ ಎಂಟು ಜನ ಯುವಕರು ತಾತ್ಕಾಲಿಕವಾಗಿ ಒಂದೇ ಮನೆಯಲ್ಲಿ ಕೂಡಿ ಇರುವ ಸಾಮೂಹಿಕ ವಸತಿ. ನನ್ನ ದೃಷ್ಟಿಯಲ್ಲಿ ನಿಮ್ಮ ಹಣ ಹೋಗಬೇಕಾದದ್ದು ಇಲ್ಲಿಗೆ. ಐವತ್ತು ಹಾಸಿಗೆಯ ಹಾಲ್ ಮಾಡಿದರೆ ಅದು ಮತ್ತೊಂದು ಬಾಲಮಂದಿರವಾಗುತ್ತದೆ, ಗಂಟೆಯೂ ಬರುತ್ತದೆ. ಆರು ಜನರ ಬಾಡಿಗೆ ಮನೆಯಲ್ಲಿ ಯಾರು ಗ್ಯಾಸ್ ತರಬೇಕು, ಯಾರು ಕರೆಂಟ್ ಬಿಲ್ ಕಟ್ಟಬೇಕು ಎಂದು ಜಗಳವಾಡುತ್ತಲೇ ಬದುಕು ಕಲಿಯುತ್ತಾರೆ.

ಉತ್ತರ 3: ಮನೋಸಾಮಾಜಿಕ ಕಾರ್ಯಕರ್ತೆ, ಧಾರವಾಡ

ಪರಿವೀಕ್ಷಣಾಧಿಕಾರಿಗಳಾಗಿದ್ದ ಹಿರಿಯರ ಮಾತಿಗೆ ಒಂದು ತಿದ್ದುಪಡಿ ಸೂಚಿಸುತ್ತೇನೆ. ಕಾನೂನಿನಂತೆ ತಿಳಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೇಗೆ ತಿಳಿಸುತ್ತೇವೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಹುಡುಗನಿಗೆ ಒಂದು ಮಾತೂ ಹೇಳದೆ ಫೋನ್ ಮಾಡಿ, ಜೀಪು ಬಂದು ಕರೆದೊಯ್ದರೆ, ಅವನು ಅವಕಾಶ ಸಿಕ್ಕ ಕೂಡಲೇ ತಪ್ಪಿಸಿಕೊಂಡು ಬರುತ್ತಾನೆ. ಬಂದ ಮೇಲೆ ನಿಮ್ಮ ಬೀದಿಗೆ ಮಾತ್ರ ಬರುವುದಿಲ್ಲ. ಅದೇ ದಿನ, ಅವನಿಗೆ ಎಲ್ಲವನ್ನೂ ತಿಳಿಸಿ, ಪರಿಚಯದ ಒಬ್ಬರು ಅವನ ಜೊತೆ ಸಮಿತಿಯವರೆಗೆ ಹೋಗಿ, ಮರುವಾರ ಹೋಗಿ ನೋಡಿ ಬಂದರೆ ಅವನು ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಪಂಜಾಬಿಗೋ ಬಿಹಾರಕ್ಕೋ ಹೋಗಬೇಕಾದ ಹುಡುಗನಾಗಿದ್ದರೆ ಅವನ ಭಾಷೆ ಬಲ್ಲವರೊಬ್ಬರನ್ನು ಹುಡುಕುವುದೂ ನೀವು ಮಾಡಬಹುದಾದ ಸಹಾಯವೇ.

ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಹಳೆಯ ಅನುಭವವಿದೆ. ಬೆಂಗಳೂರಿನಲ್ಲಿ ಬಾಸ್ಕೊ, ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟ, 1980ರಿಂದ ಬೀದಿಯ ಮಕ್ಕಳೊಂದಿಗೆ ಕೆಲಸ ಮಾಡುತ್ತ ಬಂದಿದೆ. ರೈಲು ನಿಲ್ದಾಣಗಳಲ್ಲಿ ಸಿಗುವ ಮಕ್ಕಳಿಗಾಗಿಯೇ ಸಾಥಿ ಸಂಸ್ಥೆ 1992ರಲ್ಲಿ ಆರಂಭವಾದದ್ದು ರಾಯಚೂರಿನಲ್ಲಿ. ಅವರ ಕಾರ್ಯಕರ್ತರನ್ನು ಒಮ್ಮೆ ಭೇಟಿಯಾಗಿ ಮಾತನಾಡಿದರೆ ನಿಮ್ಮ ಎಷ್ಟೋ ಶ್ರಮ ಉಳಿಯುತ್ತದೆ.

ಸಲ್ಯೂಷನ್ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನವರು ಎಡವುವುದು ಇಲ್ಲೇ. ಪಂಕ್ಚರ್ ಹಾಕುವ ಅಂಟು, ವೈಟ್ನರ್, ಥಿನ್ನರ್ ಇವುಗಳಲ್ಲಿರುವ ಟಾಲೂಯಿನ್‌ನಂಥ ದ್ರಾವಕಗಳು ಶ್ವಾಸಕೋಶದಿಂದ ಕ್ಷಣಾರ್ಧದಲ್ಲಿ ಮೆದುಳನ್ನು ತಲುಪುತ್ತವೆ. ಹಸಿವು, ಚಳಿ, ಹೆದರಿಕೆ ಮೂರೂ ಸ್ವಲ್ಪ ಹೊತ್ತು ಮರೆಯಾಗುತ್ತವೆ, ಊಟಕ್ಕಿಂತ ಅಗ್ಗ. ಅದನ್ನು ಮೂಸುತ್ತಿರುವವನನ್ನು ಕೂಗಿ ಗದರಿಸಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ದ್ರಾವಕ ಮೈಯಲ್ಲಿರುವಾಗ ಹಠಾತ್ತನೆ ಬೆದರಿ ಓಡಿದರೆ ಹೃದಯದ ಬಡಿತ ಲಯ ತಪ್ಪಿ ಸ್ಥಳದಲ್ಲೇ ಸಾವು ಸಂಭವಿಸಬಹುದು. ಗಾಳಿ ಆಡುವ ಕಡೆಗೆ ಮೆಲ್ಲಗೆ ಕರೆದು, ಕೂರಿಸಿ, ಅಮಲು ಇಳಿಯುವವರೆಗೆ ಜೊತೆಗಿರುವುದು ಸರಿಯಾದ ಕ್ರಮ. ಪ್ರಜ್ಞೆ ತಪ್ಪಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಚಟ ಬಿಟ್ಟವರಿಗೆ ಮಾತ್ರ ಪ್ರವೇಶ ಎಂಬ ಫಲಕವನ್ನು ದಯವಿಟ್ಟು ಹಾಕಬೇಡಿ. ಒಳಗೆ ಮೂಸುವಂತಿಲ್ಲ ಎಂಬ ನಿಯಮವಿರಲಿ, ಅಷ್ಟು ಸಾಕು. ಬಿಡಬೇಕೆಂಬ ಮನಸ್ಸು ಬಂದಾಗ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ. ಫೋನಿನಲ್ಲಿ ಮಾತನಾಡಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲಿ ಉತ್ತರಿಸುತ್ತಾರೆ. ಇನ್ನು ಹದಿನೆಂಟರೊಳಗಿನವರಿಗೆ ಅಮಲು ಪದಾರ್ಥ ಕೊಡುವವರಿಗೆ ಏಳು ವರ್ಷದವರೆಗೆ ಶಿಕ್ಷೆ, ಒಂದು ಲಕ್ಷದವರೆಗೆ ದಂಡ ಇದೆ. ಹುಡುಗನನ್ನು ಹಿಡಿದು ಕೊಡುವ ಉತ್ಸಾಹ ಮಾರುವವನ ವಿಷಯದಲ್ಲಿ ಕಾಣಿಸುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಹುಡುಗಿಯರೇ ಇಲ್ಲ. ಅವರು ಪ್ಲಾಟ್‌ಫಾರ್ಮಿನಲ್ಲಿ ಕಾಣುವುದಿಲ್ಲ, ಏಕೆಂದರೆ ಒಂಟಿ ಹುಡುಗಿಯನ್ನು ಯಾರಾದರೂ ಬೇಗನೆ ಕರೆದುಕೊಂಡು ಹೋಗಿಬಿಡುತ್ತಾರೆ. ಹದಿನೆಂಟು ದಾಟಿದ ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಹಾಗೂ ಸಖಿ ಕೇಂದ್ರದಲ್ಲಿ ಕೆಲವು ದಿನಗಳ ಆಶ್ರಯ, ಕಾನೂನು ನೆರವು, ಆಪ್ತಸಮಾಲೋಚನೆ ದೊರೆಯುತ್ತದೆ. ನಿಮ್ಮ ಮಹಡಿಗೆ ಅವರನ್ನು ತರುವುದು ಬೇಡ. ಈ ಸಂಖ್ಯೆಗಳನ್ನು ಹೆಂಗಸರ ಶೌಚಾಲಯದ ಗೋಡೆಗೆ ಅಂಟಿಸುವುದಕ್ಕೆ ಅನುಮತಿ ಪಡೆದರೆ ಅದೇ ದೊಡ್ಡ ಕೆಲಸ.

ಉತ್ತರ 4: ದಾಖಲೆಪತ್ರ ಸಹಾಯಕ

ನಾನು ಅರ್ಜಿ ತುಂಬಿಕೊಡುವ ಕೆಲಸದವನು, ಆದ್ದರಿಂದ ಕಾಗದದ ಮಾತನ್ನಷ್ಟೇ ಹೇಳುತ್ತೇನೆ. ವಿಳಾಸವಿಲ್ಲದವನಿಗೆ ಗುರುತಿನ ಚೀಟಿ ಸಿಗುವುದಿಲ್ಲ, ಚೀಟಿಯಿಲ್ಲದವನಿಗೆ ಬಾಡಿಗೆ ಮನೆ ಸಿಗುವುದಿಲ್ಲ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಮತದಾರರ ಪಟ್ಟಿಗೆ ಸೇರಲು ಮನೆ ಇರಬೇಕಾಗಿಲ್ಲ. ನಮೂನೆ 6ರಲ್ಲಿ ತಾನು ಮಲಗುವ ಜಾಗವನ್ನು ಬರೆದರೆ, ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಅಲ್ಲಿಗೆ ಬಂದು, ಆ ವ್ಯಕ್ತಿ ನಿಜವಾಗಿಯೂ ಅಲ್ಲಿ ಮಲಗುತ್ತಾನೆಯೇ ಎಂದು ನೋಡಿ ಖಚಿತಪಡಿಸಿಕೊಳ್ಳಬೇಕು. ವಾಸದ ದಾಖಲೆ ಬೇಡ. ಅಧಿಕಾರಿ ಬರುವಂತೆ ಬೆನ್ನು ಬೀಳುವ ಕೆಲಸ ನಿಮ್ಮಂಥವರದು. ಆಧಾರ್‌ನ ವಿಳಾಸಕ್ಕೆ ಮಾನ್ಯತೆ ಪಡೆದ ಆಶ್ರಯ ಮನೆಯ ಅಧೀಕ್ಷಕರು ನಿಗದಿತ ನಮೂನೆಯಲ್ಲಿ ನೀಡುವ ಪ್ರಮಾಣಪತ್ರ ನಡೆಯುತ್ತದೆ. ಆದ್ದರಿಂದ ಬಾಲಮಂದಿರ ಬಿಡುವ ಮೊದಲೇ ಆಧಾರ್, ಬ್ಯಾಂಕ್ ಖಾತೆ, ಜಾತಿ ಪ್ರಮಾಣಪತ್ರ ಮೂರೂ ಕೈಯಲ್ಲಿರುವಂತೆ ನೋಡಿಕೊಂಡರೆ ಅರ್ಧ ಕಷ್ಟ ಕಡಿಮೆ.

ಎಸ್ಸೆಸ್ಸೆಲ್ಸಿ ಆಗದವರು ಹದಿನೈದು ತುಂಬಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯಬಹುದು. ಹದಿನೆಂಟು ದಾಟಿದವರಿಗೆ ಧಾರವಾಡದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ ವಸತಿ ಸಹಿತ ಉಚಿತ ತರಬೇತಿಗಳಿವೆ. ಮೊಬೈಲ್ ರಿಪೇರಿಯಂಥ ಕೆಲಸ ಕಲಿಯುವ ವಾರಗಳಲ್ಲಿ ತಲೆಯ ಮೇಲೊಂದು ಸೂರೂ ಸಿಕ್ಕಂತಾಗುತ್ತದೆ. ಯುವನಿಧಿ ಬಗ್ಗೆ ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ, ಅದು ಪದವಿ ಅಥವಾ ಡಿಪ್ಲೊಮಾ ಮುಗಿಸಿದವರಿಗೆ.

ಅಂದಹಾಗೆ, ನಿಮ್ಮ ವರ್ತಕ ಮಿತ್ರರಿಗೆ ಇನ್ನೊಂದು ಮಾತು: ಆಶ್ರಯ ಕೊಟ್ಟ ಹುಡುಗನನ್ನು ತಮ್ಮದೇ ಅಂಗಡಿಯಲ್ಲಿ ಅರ್ಧ ಕೂಲಿಗೆ ದುಡಿಸಿಕೊಳ್ಳುವ ಯೋಚನೆ ಯಾರಿಗೂ ಬಾರದಿರಲಿ. ಹದಿನಾಲ್ಕರೊಳಗಿನವರನ್ನು ಕೆಲಸಕ್ಕಿಟ್ಟುಕೊಳ್ಳುವುದು, ಹದಿನೆಂಟರೊಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದು ಎರಡೂ ಅಪರಾಧ. ದೊಡ್ಡವರಿಗಾದರೂ ಕೆಲಸ ಬೇರೆ ಕಡೆ, ವಾಸ ಬೇರೆ ಕಡೆ ಇರಲಿ. ಎರಡೂ ಒಬ್ಬರ ಕೈಯಲ್ಲಿದ್ದರೆ ಒಂದು ಹೋದ ದಿನ ಇನ್ನೊಂದೂ ಹೋಗುತ್ತದೆ.

ಮರುಪ್ರಶ್ನೆ: ಹುಬ್ಬಳ್ಳಿ ವರ್ತಕ

ಎಲ್ಲರಿಗೂ ಕೃತಜ್ಞತೆಗಳು. ನಾವು ಕುಳಿತು ಚರ್ಚಿಸಿದೆವು. ಮಹಡಿಯಲ್ಲಿ ಯಾರನ್ನೂ ಮಲಗಿಸುವುದು ಬೇಡ. ಹಗಲು ಹೊತ್ತಿನಲ್ಲಿ ಸ್ನಾನ, ಬಟ್ಟೆ ಒಗೆಯುವುದು, ಫೋನ್ ಚಾರ್ಜ್ ಮಾಡುವುದು, ಸಾಮಾನು ಇಡಲು ಬೀಗದ ಪೆಟ್ಟಿಗೆ, ಸಂಜೆ ಶಿಕ್ಷಕರಿಂದ ಪಾಠ, ಇಷ್ಟಕ್ಕೆ ಅದನ್ನು ಬಳಸೋಣ ಎಂದುಕೊಂಡಿದ್ದೇವೆ. ಜೊತೆಗೆ ಹದಿನೆಂಟು ದಾಟಿದ ಆರು ಜನರಿಗೆ ಒಂದು ಮನೆ ಬಾಡಿಗೆಗೆ ಹಿಡಿಯುವ ಆಲೋಚನೆ. ನಮ್ಮಲ್ಲಿ ಒಬ್ಬರು ಮಾತ್ರ, ಇಷ್ಟು ದೊಡ್ಡ ಊರಿನಲ್ಲಿ ಆರು ಜನರಿಗೆ ಮಾಡಿ ಏನು ಉಪಯೋಗ, ಪಾಲಿಕೆಯ ರಾತ್ರಿ ವಸತಿ ಕೇಂದ್ರಕ್ಕೇ ಹಣ ಕೊಡೋಣ ಎನ್ನುತ್ತಾರೆ. ಮನೆಯ ಕರಾರು ಯಾರ ಹೆಸರಿನಲ್ಲಿರಬೇಕು ಎಂಬುದೂ ತೀರ್ಮಾನವಾಗಿಲ್ಲ.

ಉತ್ತರ 5: ನಿವೃತ್ತ ಪರಿವೀಕ್ಷಣಾಧಿಕಾರಿ

ನಿಮ್ಮ ಮಿತ್ರರ ಮಾತಿನಲ್ಲಿ ಹುರುಳಿಲ್ಲದಿಲ್ಲ. ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಸಾಮರ್ಥ್ಯದ ಒಂದು ವಸತಿ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2011ರ ಜನಗಣತಿಯಲ್ಲಿ 9.4 ಲಕ್ಷದಷ್ಟಿತ್ತು, ಅಂದರೆ ಆ ಲೆಕ್ಕದಲ್ಲೇ ಒಂಬತ್ತು ಕೇಂದ್ರಗಳು ಬೇಕು. ಒಬ್ಬರಿಗೆ 50 ಚದರ ಅಡಿ ಎಂಬ ಮಾನದಂಡವನ್ನು ಹಿಡಿದರೆ ನಿಮ್ಮ ಮಹಡಿ ಹೆಚ್ಚೆಂದರೆ ಹದಿನೆಂಟು ಜನರಿಗೆ ಸಾಕಾಗುತ್ತದೆ. ಆದರೆ ಇದು ಪಾಲಿಕೆಯ ಕರ್ತವ್ಯ. ಅದಕ್ಕೆ ನೀವು ಹಣ ಕೊಡುವುದಕ್ಕಿಂತ ಎಷ್ಟು ಕೇಂದ್ರಗಳಿವೆ, ಎಷ್ಟು ಖಾಲಿ ಇವೆ ಎಂದು ವಾರ್ಡಿನ ಸದಸ್ಯರನ್ನು ಲಿಖಿತವಾಗಿ ಕೇಳುವುದು ಹೆಚ್ಚು ಫಲಕಾರಿ. ಆ ಕೇಂದ್ರಗಳಿಗೆ ಎಲ್ಲ ವಯಸ್ಸಿನ ಗಂಡಸರೂ ಬರುತ್ತಾರೆ. ಹದಿನೆಂಟೂವರೆಯ ಹುಡುಗನಿಗೆ ಅಲ್ಲಿ ಮಲಗಲು ಜಾಗ ಸಿಗಬಹುದು, ಮುಂದಿನ ದಾರಿ ತೋರಿಸುವವರು ಸಿಗುತ್ತಾರೆಂಬ ಭರವಸೆಯಿಲ್ಲ. ಆರು ಜನರ ಮನೆಯನ್ನು ಬಿಡಬೇಡಿ.

ಉತ್ತರ 6: ಬಾಲಮಂದಿರದ ಹಳೆಯ ವಿದ್ಯಾರ್ಥಿ, ದಾವಣಗೆರೆ

ಕರಾರಿನ ಬಗ್ಗೆ: ಮೊದಲ ಹನ್ನೊಂದು ತಿಂಗಳಿಗೆ ನಿಮ್ಮ ಗುಂಪಿನಲ್ಲಿ ಒಬ್ಬರ ಹೆಸರಿನಲ್ಲಿರಲಿ, ಮುಂಗಡವನ್ನೂ ನೀವೇ ಕಟ್ಟಿ; ಮಾಲೀಕರಿಗೆ ಯಾರು ವಾಸಿಸುತ್ತಾರೆಂಬುದನ್ನು ಮುಚ್ಚಿಡದೆ ಹೇಳಿ. ನವೀಕರಿಸುವಾಗ ಹುಡುಗರಲ್ಲಿ ಸಂಪಾದನೆ ನಿಂತವರ ಹೆಸರನ್ನು ಸೇರಿಸಿ, ಏಕೆಂದರೆ ತನ್ನ ಹೆಸರಿನ ಕರಾರು ಇದ್ದರೆ ಮುಂದೆ ಗ್ಯಾಸ್ ಸಂಪರ್ಕ, ವಿಳಾಸ ಬದಲಾವಣೆ ಎಲ್ಲಕ್ಕೂ ಅವನಿಗೆ ಅದೇ ಆಧಾರವಾಗುತ್ತದೆ. ಮೊದಲ ತಿಂಗಳಿಂದಲೇ ಸ್ವಲ್ಪವಾದರೂ ಬಾಡಿಗೆ ತೆಗೆದುಕೊಳ್ಳಿ. ಅದನ್ನು ಬೇರೆಯಾಗಿ ಕೂಡಿಟ್ಟು, ಅವನು ಸ್ವಂತ ಮನೆ ಹಿಡಿಯುವಾಗ ಮುಂಗಡವಾಗಿ ಹಿಂದಿರುಗಿಸಿದರೆ ಇನ್ನೂ ಒಳ್ಳೆಯದು, ಆದರೆ ಹಾಗೆ ಮಾಡುತ್ತೀರೆಂದು ಮೊದಲೇ ಹೇಳಬೇಡಿ. ಯಾರಾದರೂ ಎರಡು ತಿಂಗಳು ಕೊಡದಿದ್ದರೆ ಹೊರಗೆ ಹಾಕುವ ಮೊದಲು ಕೆಲಸ ಹೋಗಿದೆಯೇ, ಜ್ವರವೇ, ಸಾಲವೇ ಎಂದು ಕೂರಿಸಿ ಕೇಳಿ. ಹೇಳಿಕೊಳ್ಳುವ ರೂಢಿ ನಮಗೆ ಇರುವುದಿಲ್ಲ. ಹಬ್ಬಗಳಲ್ಲಿ ಮನೆ ತೆರೆದೇ ಇರಲಿ. ಮತ್ತೆ, ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕುವ ನಿಯಮ ಮಾಡಬೇಡಿ: ಹೋಟೆಲ್ ಕೆಲಸ ಹನ್ನೊಂದಕ್ಕೆ ಮುಗಿಯುತ್ತದೆ, ಆದ್ದರಿಂದ ಆರು ಜನರಿಗೂ ಆರು ಕೀಲಿಕೈ ಮಾಡಿಸಿಕೊಡಿ.